ಗಿಡ್ಡ ರೆಕ್ಕೆಯ ಅಣಬೆ ನೊರಜು ಸಿಕ್ಕಿದೆ, ಹೊಸ ಜೀನಸ್ ಮಾಡಬಹುದೇ?

ತಡೆಯಿರಿ. ಹೆಸರು ಇಡಬೇಡಿ. ಲ್ಯಾಟಿನ್ ನಿಘಂಟು ತೆರೆದು ಕೂತಿದ್ದರೆ ಮುಚ್ಚಿಡಿ.

ಶೋಲಾ ಕಾಡಿನ ತರಗೆಲೆಯಲ್ಲಿ ಐದು ಹೆಣ್ಣು ಸಿಕ್ಕಿವೆ, ರೆಕ್ಕೆ ಮೊಂಡು, ಯಾವ ಕೀ (ಪ್ರಶ್ನೆ ಕೇಳುತ್ತಾ ಹುಳುವನ್ನು ಗುರುತಿಸುವ ಪಟ್ಟಿ) ಹಿಡಿದು ಹೋದರೂ ಯಾವ ಜೀನಸ್ಸಿಗೂ (ಹತ್ತಿರದ ಪ್ರಭೇದಗಳ ಗುಂಪಿಗೂ) ತಲುಪುತ್ತಿಲ್ಲ, ಹೊಸ ಜೀನಸ್ ಮಾಡಲೋ ಇರುವ ಜೀನಸ್ಸಿನಲ್ಲೇ ಹೊಸ ಪ್ರಭೇದ ಅನ್ನಲೋ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ನನಗೆ ಕೈ ಬೆವರಿತು. 2011ರಲ್ಲಿ ನಾನೂ ಹೀಗೇ ಕೂತಿದ್ದೆ. ನನ್ನ ಹತ್ತಿರ ಇದ್ದದ್ದು ಏಳು ಹೆಣ್ಣು, ಅಷ್ಟೇ ವ್ಯತ್ಯಾಸ.

ನಮ್ಮದು ತೀರ್ಥಹಳ್ಳಿ ಕಡೆ. ಪಿಎಚ್‌ಡಿ ಮೊದಲನೇ ವರ್ಷ, ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಯ ಹಿಂದೆ ರಾಶಿ ಹಾಕುವ ಕಾಲ. ಹಿಂದಿನ ವರ್ಷದ ರಾಶಿಯ ತಳ ಇನ್ನೂ ಹಸಿಯಾಗಿತ್ತು, ಎಲೆ ಎತ್ತಿದರೆ ಬಿಳಿ ಬೂಷ್ಟು ನೂಲು ನೂಲಾಗಿ ಏಳುತ್ತಿತ್ತು. ಅಣಬೆ ನೊರಜಿನ ಮರಿಹುಳುಗಳಿಗೆ ಅದೇ ಊಟ, ಅದೇ ಮನೆ. ಒಂದು ಬುಟ್ಟಿ ತುಂಬಿಕೊಂಡು ಬಂದು ಜಗಲಿಯ ಮೂಲೆಯಲ್ಲಿ ಬರ್ಲೀಸ್ ಫನಲ್ ಕಟ್ಟಿದೆ. ಹೆಸರು ದೊಡ್ಡದು ಅಷ್ಟೆ: ಎಣ್ಣೆ ಸುರಿಯುವ ತಗಡಿನ ಲಾಳಿಕೆ, ಅದರ ಮೇಲೆ ಜರಡಿ, ಜರಡಿಯಲ್ಲಿ ದರಗು, ಮೇಲೊಂದು 40 ವ್ಯಾಟಿನ ಬಲ್ಬು, ಕೆಳಗೆ ಆಲ್ಕೋಹಾಲಿನ ಸೀಸೆ. ಮೇಲಿನಿಂದ ಎಲೆ ಒಣಗುತ್ತಾ ಬಂದಂತೆ ಹುಳುಗಳು ತಂಪು ಹುಡುಕಿಕೊಂಡು ಕೆಳಗೆ ಇಳಿದು ಸೀಸೆಗೆ ಬೀಳುತ್ತವೆ. ಮೂರು ದಿನ ಬಲ್ಬು ಉರಿಯಿತು. "ದೇವರ ಮುಂದೆ ಒಂದು ದೀಪ ಹಚ್ಚು ಅಂದ್ರೆ ಆಗಲ್ಲ, ಹುಳಕ್ಕೆ ಹಗಲೂ ರಾತ್ರಿ ದೀಪ ಹಚ್ಚಿದೀಯಲ್ಲೋ ಮಾರಾಯ" ಅಂತ ಅಮ್ಮ.

ಬೆಂಗಳೂರಿಗೆ ಬಂದು ಆ ಸೀಸೆಯನ್ನು ಪೆಟ್ರಿ ಡಿಶ್‌ಗೆ ಸುರಿದೆ. ನನ್ನ ತಪ್ಪು ನಡೆದದ್ದು ಈ ಡಿಶ್‌ನಲ್ಲಿ. ಆಮೇಲಿನದೆಲ್ಲ ಅದರ ಬಡ್ಡಿ. ಹಾಗಾಗಿ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರಾಗಬೇಡಿ.

ಡಿಶ್‌ನಲ್ಲಿ ಹುಳಗಳು, ಉಣುಗಿನಂಥವು, ಇರುವೆ, ಒಂದು ಮರಿ ಜರಿ. ಅವುಗಳ ನಡುವೆ ಏಳು ಪುಟಾಣಿ ಕಂದು ಹೆಣ್ಣುಗಳು. ಒಂದೊಂದೂ ಒಂದೂವರೆ ಮಿಲಿಮೀಟರ್. ರೆಕ್ಕೆ ಇರಬೇಕಾದ ಕಡೆ ಅಕ್ಕಿ ನುಚ್ಚಿನಂಥ ಎರಡು ಚೂರು, ಒಂದು ನರವೂ ನೆಟ್ಟಗಿಲ್ಲ. ರೆಕ್ಕೆಯ ಹಿಂದೆ ಹಾಲ್ಟಿಯರ್ ಅನ್ನುವ ಗುಂಡುತಲೆಯ ಪುಟ್ಟ ಅಂಗ ಇರುತ್ತದಲ್ಲ, ಅದೂ ಬರೀ ಕಡ್ಡಿ. ಬೆನ್ನು ಚಪ್ಪಟೆ. ನನಗೆ ಖುಷಿ ತಡೆಯಲಾಗಲಿಲ್ಲ. ಕುಂಚದ ತುದಿಯಲ್ಲಿ ಏಳನ್ನೂ ಎತ್ತಿ ಒಂದು ಸೀಸೆಗೆ ಹಾಕಿ "14-ಅ" ಅಂತ ಬರೆದೆ.

ಅದೇ ಡಿಶ್‌ನಲ್ಲಿ ನಾಲ್ಕು ಗಂಡುಗಳೂ ಇದ್ದವು. ಪೂರ್ತಿ ರೆಕ್ಕೆ, ಕಪ್ಪು ಮೈ, ಅಣಬೆ ಶೆಡ್ಡಿನ ಕಿಟಕಿ ಗಾಜಿನ ಮೇಲೆ ಹರಿದಾಡುತ್ತವಲ್ಲ, ಥೇಟ್ ಹಾಗೆ. ಅವನ್ನು ಇನ್ನೊಂದು ಸೀಸೆಗೆ ಹಾಕಿ "14-ಆ, ಬ್ರಾಡಿಸಿಯಾ ಇರಬಹುದು" ಅಂತ (ಅಣಬೆ ನೊರಜಿನ ಒಂದು ಮಾಮೂಲಿ ಜೀನಸ್ಸಿನ ಹೆಸರು) ಬರೆದು ಕಪಾಟಿನ ಕೆಳಗಿನ ಅರೆಯಲ್ಲಿಟ್ಟೆ. ಐದು ವರ್ಷ ಅದು ಅಲ್ಲೇ ಇತ್ತು.

ಗಂಡ ಹೆಂಡತಿಯನ್ನು ಬೇರೆ ಬೇರೆ ಸೀಸೆಗೆ ಹಾಕಿದ್ದೆ. ಯಾಕೆ? ಒಬ್ಬರಿಗೆ ರೆಕ್ಕೆ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಬೇರೆ ಕಾರಣವೇ ಇಲ್ಲ. ಮೀಸೆ (ಆಂಟೆನಾ) ನೋಡಲಿಲ್ಲ, ಕಾಲು ನೋಡಲಿಲ್ಲ. ಕಣ್ಣಿಗೆ ಮೊದಲು ಬಿದ್ದದ್ದು ರೆಕ್ಕೆ, ಕೈ ಹಾಗೇ ವಿಂಗಡಿಸಿತು. ಒಂದು ಸಲ ಲೇಬಲ್ ಬಿದ್ದ ಮೇಲೆ ಮನಸ್ಸು ಆ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಬುಟ್ಟಿ, ಒಂದೇ ಲಾಳಿಕೆ, ಒಂದೇ ಸಂಖ್ಯೆ. ಕೊನೆಯ ಅಕ್ಷರ ಒಂದೇ ಬೇರೆ, ಆ ಅಕ್ಷರ ಬರೆದವನೂ ನಾನೇ.

ಆಮೇಲೆ ನಿಮ್ಮ ಹಾಗೆಯೇ ಕೀ ಹಿಡಿದು ಹೊರಟೆ. ಮೀಸೆಯ ಬುಡದ ಮೇಲುಗಡೆ ಎರಡು ಕಣ್ಣುಗಳು ಸೇತುವೆ ಕಟ್ಟಿದ ಹಾಗೆ ಕೂಡಿಕೊಂಡಿದ್ದವು, ಹಾಗಾಗಿ ಸಿಯಾರಿಡೇ ಕುಟುಂಬ ಅನ್ನುವುದು ಖಾತ್ರಿ. (ಜರ್ಮನ್ನರು ಈ ಕುಟುಂಬಕ್ಕೆ ಶೋಕದ ಸೊಳ್ಳೆ ಅನ್ನುತ್ತಾರೆ, ಕಪ್ಪು ರೆಕ್ಕೆ ನೋಡಿ. ನನ್ನ ಮಟ್ಟಿಗೆ ಅನ್ವರ್ಥನಾಮ.) ಅಲ್ಲಿಂದ ಮುಂದೆ ಕೀ ಕೇಳುವುದೆಲ್ಲ ರೆಕ್ಕೆಯನ್ನೇ: ಆರ್1 ನರ ಎಷ್ಟು ಉದ್ದ, ಎಂ ನರದ ಕವಲು ಗಂಟೆಯಾಕಾರವೋ ಅಲ್ಲವೋ, ಹಿಂದಿನ ನರಗಳ ಮೇಲೆ ರೋಮ ಇದೆಯೋ ಇಲ್ಲವೋ. ನನ್ನ ಹುಳುವಿಗೆ ರೆಕ್ಕೆಯೇ ಇಲ್ಲ, ಉತ್ತರ ಎಲ್ಲಿಂದ ಬರಬೇಕು? ಕೀ ನಿಂತುಬಿಟ್ಟಿತು. ಕೀ ನಿಂತದ್ದನ್ನೇ ನಾನು "ವಿಜ್ಞಾನಕ್ಕೆ ಹೊಸದು" ಅಂತ ಓದಿಕೊಂಡೆ. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ.

ರೆಕ್ಕೆ ಮೊಂಡಾದ ಹುಳುಗಳಲ್ಲಿ ಅದೊಂದೇ ಹೋಗುವುದಿಲ್ಲ. ಹಾಲ್ಟಿಯರ್ ಸಣ್ಣದಾಗುತ್ತದೆ, ಹಾರುವ ಸ್ನಾಯು ಬೇಡವಾದ್ದರಿಂದ ಎದೆ ಚಪ್ಪಟೆಯಾಗುತ್ತದೆ, ಎಷ್ಟೋ ಸಲ ನೆತ್ತಿಯ ಒಂಟಿ ಕಣ್ಣುಗಳು ಕುಗ್ಗುತ್ತವೆ, ಬಾಯಿ ಪಕ್ಕದ ಪಾಲ್ಪಿಯ ಮೂರು ಗೆಣ್ಣು ಒಂದಕ್ಕೆ ಇಳಿಯುತ್ತದೆ. ಮಣ್ಣು, ತರಗೆಲೆ, ಗುಹೆ, ಗಾಳಿ ಬೀಸುವ ದ್ವೀಪ, ಇಂಥ ಕಡೆಗಳಲ್ಲಿ ಬೇರೆ ಬೇರೆ ವಂಶದ ನೊರಜುಗಳು ತಮ್ಮ ಪಾಡಿಗೆ ತಾವು ಇದೇ ರೂಪಕ್ಕೆ ಬಂದಿವೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರೆಲ್ಲ ಒಂದೇ ಮನೆಯವರಲ್ಲವಲ್ಲ. ನಾನು ಮಾತ್ರ ಬೋಳು ತಲೆ ನೋಡಿ ಹೊಸ ಮನೆತನ ಕಟ್ಟಿದೆ. ಪೇಪರಿನಲ್ಲಿ ಜೀನಸ್ಸಿನ ಲಕ್ಷಣ ಅಂತ ಐದು ಅಂಶ ಬರೆದಿದ್ದೆ: ಗಿಡ್ಡ ರೆಕ್ಕೆ, ಕಡ್ಡಿ ಹಾಲ್ಟಿಯರ್, ಚಪ್ಪಟೆ ಎದೆ, ಒಂದೇ ಗೆಣ್ಣಿನ ಪಾಲ್ಪಿ, ಸಣ್ಣ ಒಂಟಿ ಕಣ್ಣು. ಐದಲ್ಲ ಅದು, ಒಂದೇ ಲಕ್ಷಣವನ್ನು ಐದು ಸಲ ಎಣಿಸಿದ್ದು.

ಒಂದೇ ಪ್ರಭೇದದೊಳಗೇ ರೆಕ್ಕೆ ಹೀಗೆ ಆಟ ಆಡುತ್ತದೆ ಅನ್ನುವುದು ಆಗಲೇ ಗೊತ್ತಿದ್ದ ವಿಷಯ, ನಾನು ಓದಿರಲಿಲ್ಲ ಅಷ್ಟೆ. 1895ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಾಪ್ಕಿನ್ಸ್ ಅನ್ನುವವರು ಆಲೂಗಡ್ಡೆ ತಿನ್ನುವ ಒಂದು ನೊರಜನ್ನು ವಿವರಿಸಿದರು, ಈಗ ಅದಕ್ಕೆ ನಿಕ್ಸಿಯಾ ಸ್ಕೇಬಿಯೈ ಅನ್ನುತ್ತಾರೆ. ಅದರ ಹೆಣ್ಣಿಗೆ ರೆಕ್ಕೆಯೇ ಇಲ್ಲ, ಗಂಡುಗಳಲ್ಲಿ ಉದ್ದ ರೆಕ್ಕೆಯವೂ ಇವೆ, ಗಿಡ್ಡ ರೆಕ್ಕೆಯವೂ ಇವೆ. ಇಂಗ್ಲೆಂಡಿನ ಸೌತೆಕಾಯಿ ಗಾಜಿನಮನೆಗಳ ಪ್ಲಾಸ್ಟೋಸಿಯಾರಾ ಪರ್ನಿಸಿಯೋಸಾ ಇನ್ನೊಂದು. ಎಡ್ವರ್ಡ್ಸ್ 1922ರಲ್ಲಿ ಹೆಸರಿಟ್ಟದ್ದು. ಅದರಲ್ಲೂ ಎರಡು ರೂಪ ಇವೆ ಅಂತ 1973ರಲ್ಲಿ ಸ್ಟೆಫಾನ್ ತೋರಿಸಿದರು. ನಾನು ಹುಟ್ಟುವ ಮೊದಲೇ ಅಚ್ಚಾದ ಮಾತು.

ಇನ್ನೂ ಒಂದು ಇದೆ, ಹೇಳಲು ನಾಚಿಕೆ. ಏಳಕ್ಕೆ ಏಳೂ ಹೆಣ್ಣು ಇದ್ದದ್ದರಿಂದ "ಬಹುಶಃ ಗಂಡಿಲ್ಲದೆ ಸಂತಾನ ಪಡೆಯುವ ಪ್ರಭೇದ" ಅಂತ ಒಂದು ಸಾಲು ಸೇರಿಸಿದ್ದೆ. ಸಿಯಾರಿಡ್‌ಗಳ ಸಂಸಾರವೇ ವಿಚಿತ್ರ. ಕೆಲವು ಪ್ರಭೇದಗಳಲ್ಲಿ ಒಂದು ತಾಯಿ ಬರೀ ಹೆಣ್ಣು ಮಕ್ಕಳನ್ನೇ ಹೆರುತ್ತದೆ, ಇನ್ನೊಂದು ತಾಯಿ ಬರೀ ಗಂಡು. ಅದು ತಾಯಿಯ ಕ್ರೋಮೋಸೋಮಿನಲ್ಲೇ ತೀರ್ಮಾನ ಆಗಿರುತ್ತದೆ. ಮೆಟ್ಜ್ ಅನ್ನುವ ವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆಯೇ ಇದರ ಬೆನ್ನು ಹತ್ತಿದ್ದರು. ಹಾಗಾಗಿ ಒಂದು ಹಿಡಿ ಎಲೆಯಲ್ಲಿ ಬರೀ ಹೆಣ್ಣೇ ಸಿಕ್ಕರೆ ಅದು ಒಬ್ಬ ತಾಯಿಯ ಮಕ್ಕಳಿರಬಹುದು, ಗಂಡು ಪಕ್ಕದ ಹಿಡಿಯಲ್ಲಿರಬಹುದು. ನನ್ನ ವಿಷಯದಲ್ಲಿ ಪಕ್ಕದ ಸೀಸೆಯಲ್ಲೇ ಇತ್ತು.

2013ರಲ್ಲಿ ಪೇಪರ್ ಬಂತು. ಹೊಸ ಜೀನಸ್, ಅದರಲ್ಲಿ ಒಂದೇ ಪ್ರಭೇದ, ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗಿ ಇಡುವ ಮಾದರಿ ಹುಳು, ಒಂದು ಹೆಣ್ಣು. ಊರಿನ ಹಳೆಯ ಹೆಸರೊಂದನ್ನು ಲ್ಯಾಟಿನ್‌ಗೆ ತಿರುಗಿಸಿ ಇಟ್ಟಿದ್ದೆ, ಅಪ್ಪ ಅದರ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದರು. ಹೆಸರು ಏನು ಅಂತ ಇಲ್ಲಿ ಹೇಳುವುದಿಲ್ಲ, ಹುಡುಕಿದರೆ ನಾನು ಸಿಕ್ಕಿಬೀಳುತ್ತೇನೆ.

2016ರಲ್ಲಿ ಯುರೋಪಿನ ಒಬ್ಬ ಹಿರಿಯರು ಮೇಲ್ ಮಾಡಿದರು. ತುಂಬಾ ಮರ್ಯಾದಸ್ಥ ಮೇಲ್. ಒಂದೇ ಪ್ರಶ್ನೆ: "ಅದೇ ಸ್ಯಾಂಪಲ್ಲಿನಲ್ಲಿ ಬೇರೆ ಏನೇನು ಸಿಕ್ಕಿತ್ತು?" ಓದಿದ ಕೂಡಲೇ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಕೆಳಗಿನ ಅರೆಯಿಂದ 14-ಆ ತೆಗೆದೆ. ಆಲ್ಕೋಹಾಲ್ ಅರ್ಧ ಆರಿಹೋಗಿತ್ತು. ಒಂದು ಗಂಡಿನ ಹಿಂಭಾಗ ಬಿಡಿಸಿ, ರಾತ್ರಿಯಿಡೀ ಕಾಸ್ಟಿಕ್ ಪೊಟ್ಯಾಷ್‌ನಲ್ಲಿಟ್ಟು, ಬೆಳಿಗ್ಗೆ ಲವಂಗದ ಎಣ್ಣೆಯಲ್ಲಿ ತೊಳೆದು ಸ್ಲೈಡ್ ಮಾಡಿದೆ. ಲ್ಯಾಬೆಲ್ಲ ಹಲ್ಲುನೋವಿನ ವಾಸನೆ. ಗಂಡಿನ ಜನನಾಂಗದಲ್ಲಿ ಇಕ್ಕಳದ ಹಾಗೆ ಎರಡು ಕೊಕ್ಕೆ (ನಮ್ಮಲ್ಲಿ ಪ್ರಭೇದ ಗುರುತಿಸುವುದು ಮುಖ್ಯವಾಗಿ ಇವನ್ನು ನೋಡಿಯೇ), ತುದಿಯಲ್ಲೊಂದು ದಪ್ಪ ಹಲ್ಲು, ಅದರ ಕೆಳಗೆ ಸಾಲಾಗಿ ಮುಳ್ಳು. ಆಗಲೇ ವಿವರಿಸಿದ್ದ ಒಂದು ಪ್ರಭೇದದ ಚಿತ್ರದ ಪಕ್ಕ ಇಟ್ಟರೆ ಅಚ್ಚೊತ್ತಿದ ಹಾಗೆ ಒಂದೇ. ಆಮೇಲೆ ಮೀಸೆ ನೋಡಿದೆ. ಹದಿನಾರು ಗೆಣ್ಣಿನಲ್ಲಿ ಬುಡದ ಎರಡು ಬಿಟ್ಟು ನಾಲ್ಕನೆಯದನ್ನು ಅಳೆಯುವುದು ನಮ್ಮಲ್ಲಿ ರೂಢಿ. ಅದರ ಮೇಲ್ಮೈಯ ಒರಟು, ಕುತ್ತಿಗೆಯ ಬಣ್ಣ, ಮುಂಗಾಲಿನ ಟಿಬಿಯಾ ತುದಿಯ ಮುಳ್ಳಿನ ಗುಂಪು, ಎಲ್ಲ ನನ್ನ ಹೆಣ್ಣುಗಳಲ್ಲೂ ಹಾಗೇ ಇದ್ದವು. ಮೊದಲ ದಿನವೇ ನೋಡಿದ್ದರೆ ಮುಕ್ಕಾಲು ಗಂಟೆಯ ಕೆಲಸ.

ಖಾತ್ರಿ ಮಾಡಿಕೊಳ್ಳಲು ಊರಿಂದ ಮತ್ತೆ ದರಗು ತಂದು ಡಬ್ಬಿಯಲ್ಲಿ ಸಾಕಿದೆ. ಮರಿಹುಳುಗಳಿಂದ ಉದ್ದ ರೆಕ್ಕೆಯ ಗಂಡು, ಗಿಡ್ಡ ರೆಕ್ಕೆಯ ಹೆಣ್ಣು ಎರಡೂ ಬಂದವು. ಒಂದೊಂದು ಕಾಲು ಕಿತ್ತು ಡಿಎನ್‌ಎ ಮಾಡಿಸಿದಾಗ ಪ್ರಭೇದ ಗುರುತಿಸಲು ಬಳಸುವ ಸಿಒಐ ಅನ್ನುವ ಜೀನ್ ತುಂಡಿನ 658 ಅಕ್ಷರವೂ ಒಂದೇ. ಜೀನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಭೇದವಾದ್ದರಿಂದ ಪ್ರಭೇದ ಮುಳುಗಿದ ಕೂಡಲೇ ಜೀನಸ್ಸೂ ಮುಳುಗಿತು. ಸಿನೊನಿಮ್ ಮಾಡುವ, ಅಂದರೆ ನನ್ನ ಹೆಸರು ಹಳೆಯ ಹೆಸರಿನದೇ ಇನ್ನೊಂದು ರೂಪ ಅಂತ ಒಪ್ಪಿಕೊಳ್ಳುವ, ಪೇಪರನ್ನು ನಾನೇ ಬರೆದೆ, ಅಷ್ಟು ಮಾನ ಉಳಿಸಿಕೊಂಡೆ. ಆದರೆ ಆ ವರ್ಷ ಹೊರದೇಶದ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದೆ, ಅರ್ಜಿಯ ಮೊದಲ ಸಾಲಿನಲ್ಲೇ "ಹೊಸ ಜೀನಸ್" ಅಂತಿತ್ತು. ಸಂದರ್ಶನದಲ್ಲಿ ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಸಿಗಲಿಲ್ಲ. ಹೆಸರಂತೂ ಕ್ಯಾಟಲಾಗಿನಲ್ಲಿ ಇನ್ನೊಬ್ಬರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಶಾಶ್ವತವಾಗಿ ಇರುತ್ತದೆ. ಅಳಿಸುವ ಪದ್ಧತಿ ನಮ್ಮ ಶಾಸ್ತ್ರದಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆ. ಹೊಸ ಜೀನಸ್ಸೋ ಹೊಸ ಪ್ರಭೇದವೋ ಅಂದಿರಿ. ನನ್ನ ಪ್ರಕಾರ ಎರಡೂ ಬೇಡ, ಆ ಪ್ರಶ್ನೆ ಕೇಳುವ ಹಂತಕ್ಕೇ ನೀವು ಇನ್ನೂ ಬಂದಿಲ್ಲ. ಗಂಡು ಸಿಗದೆ ಸಿಯಾರಿಡ್‌ಗೆ ಹೆಸರಿಡುವುದು ಹುಡುಗನ ಮುಖ ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ. "ಹೆಣ್ಣಿನ ಮೇಲೂ ವಿವರಿಸಿದವರು ಇದ್ದಾರಲ್ಲ" ಅಂತ ಯಾರಾದರೂ ಹೇಳಿಯಾರು. ಇದ್ದಾರೆ. ಆ ಹೆಸರುಗಳ ಗಂಟು ಬಿಡಿಸುವುದರಲ್ಲೇ ಈಗ ಎಷ್ಟೋ ಜನರ ಆಯುಷ್ಯ ಹೋಗುತ್ತಿದೆ. ಥೀಸಿಸ್ ಗಡುವು ಹತ್ತಿರ ಬಂತು ಅಂತಲೂ ಬರೆದಿದ್ದೀರಿ. ಥೀಸಿಸ್‌ನಲ್ಲಿ "ಸಿಯಾರಿಡೇ, ಗಿಡ್ಡ ರೆಕ್ಕೆಯ ಹೆಣ್ಣು, ಪ್ರಭೇದ 1" ಅಂತ ಬರೆದರೆ ಯಾರೂ ತಲೆ ತೆಗೆಯುವುದಿಲ್ಲ.

ಐದನ್ನೂ ಸ್ಲೈಡ್ ಮಾಡಬೇಡಿ. ನಾನು ಏಳರಲ್ಲಿ ಆರನ್ನು ಸ್ಲೈಡಿಗೆ ಅಂಟಿಸುವ ಬಾಲ್ಸಂ ಅಂಟಿನಲ್ಲಿ ಹೂತಿದ್ದೆ, ಡಿಎನ್‌ಎಗೆ ಉಳಿದದ್ದು ಒಂದು. ಎರಡು ಮಾಡಿ, ಉಳಿದದ್ದು ಶೇಕಡಾ 95ರ ಆಲ್ಕೋಹಾಲಿನಲ್ಲಿ ತಣ್ಣಗೆ ಇರಲಿ. ಮಳೆ ಹಿಡಿಯುವ ಮುಂಚೆ ಅನುಮತಿಯ ಅವಧಿ ನೋಡಿಕೊಂಡು ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ, ಎಲೆ ತಂದು ಡಬ್ಬಿಯಲ್ಲಿ ಸಾಕಿ. ಡಬ್ಬಿ ಒಣಗಬಾರದು, ನೀರೂ ನಿಲ್ಲಬಾರದು. ಅಷ್ಟೆಲ್ಲ ಆಗಿ, ಗಂಡೂ ಸಿಕ್ಕಿ, ಅದರ ಕೊಕ್ಕೆ ಯಾವ ಚಿತ್ರಕ್ಕೂ ಹೊಂದದಿದ್ದರೆ ಆಗ ಹೊಸ ಪ್ರಭೇದ ಅನ್ನಿ, ಹೋಲೋಟೈಪ್ ಗಂಡೇ ಇರಲಿ, ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಕೊಡಿ. ಪೇಪರ್ ಬರೀ ಆನ್‌ಲೈನ್ ಜರ್ನಲ್ಲಿನಲ್ಲಿ ಬರುವುದಾದರೆ ಝೂಬ್ಯಾಂಕ್ (ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಆನ್‌ಲೈನ್ ದಾಖಲೆ) ನೋಂದಣಿ ಪೇಪರಿನೊಳಗೇ ಇರಬೇಕು, ಮರೆತರೆ ಹೆಸರು ಲೆಕ್ಕಕ್ಕೇ ಬರುವುದಿಲ್ಲ. ಜೀನಸ್ ವಿಚಾರ ನಿಮ್ಮ ಮೂರನೇ ನಾಲ್ಕನೇ ಪ್ರಭೇದ ಆದ ಮೇಲೆ ಮಾತಾಡೋಣ.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಆ ಐದು ಹೆಣ್ಣು ಬಂದ ಸ್ಯಾಂಪಲ್ಲಿನಲ್ಲಿ ರೆಕ್ಕೆ ಇದ್ದ ಕಪ್ಪು ನೊಣಗಳನ್ನು ಬೇರೆ ಸೀಸೆಗೆ ಹಾಕಿರುತ್ತೀರಿ, ಹಾಕಿರಲೇಬೇಕು. ಆ ಸೀಸೆ ಹುಡುಕಿ, ಲೇಬಲ್ಲಿನ ಫೋಟೋ ಇಲ್ಲಿ ಕೆಳಗೆ ಹಾಕಿ.