ಕೆಸರು ಮೆತ್ತಿದ ಆ ಇಬ್ಬರು ಯಾರು? ಸಿಡ್ನಿ ರಗ್ಬಿ ಲೀಗ್‌ನ 1963ರ ಋತು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಪತ್ನಿಯೊಂದಿಗೆ ಸಿಡ್ನಿಗೆ ಬಂದು ಮೂರು ತಿಂಗಳಾಯಿತು. ಅಳಿಯಂದಿರು ಟಿ.ವಿ.ಯಲ್ಲಿ ರಗ್ಬಿ ಲೀಗ್ ಹಾಕಿದರೆ ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ. ಗೆದ್ದ ತಂಡಕ್ಕೆ ಕೊಡುವ ಟ್ರೋಫಿಯ ಮೇಲೆ ಒಬ್ಬ ಉದ್ದನೆಯವನು, ಒಬ್ಬ ಕುಳ್ಳ ತಬ್ಬಿ ನಿಂತಿರುವ ಕಂಚಿನ ಮೂರ್ತಿ ಇದೆ. ಗೆದ್ದವನು ಸೋತವನನ್ನು ಸಮಾಧಾನ ಮಾಡುತ್ತಿದ್ದಾನೆ ಎಂದು ಅಳಿಯ ಹೇಳಿದರು. ಇವರು ಯಾರು? ಆ ಕಾಲದಲ್ಲಿ ಒಂದೇ ತಂಡ ಸತತ ಹನ್ನೊಂದು ವರ್ಷ ಗೆದ್ದಿತ್ತಂತೆ, ಅದು ಹೇಗಾಯಿತು?
ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಉದ್ದನೆಯವರು ಸೇಂಟ್ ಜಾರ್ಜ್ ತಂಡದ ನಾಯಕ ನಾರ್ಮ್ ಪ್ರೋವನ್. ಕುಳ್ಳಗಿರುವವರು ವೆಸ್ಟರ್ನ್ ಸಬರ್ಬ್ಸ್ ತಂಡದ ನಾಯಕ ಆರ್ಥರ್ ಸಮನ್ಸ್. 1963ರ ಆಗಸ್ಟ್ 24ರಂದು ಫೈನಲ್ ಮುಗಿದ ಮರುಕ್ಷಣ ಜಾನ್ ಓಗ್ರೇಡಿ ಎಂಬ ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರವೇ ಆ ಮೂರ್ತಿಯ ಮೂಲ. ಆದರೆ ಸಮಾಧಾನದ ಮಾತಿಗೆ ಬಂದರೆ, ಆ ಕ್ಷಣದಲ್ಲಿ ಸಮಾಧಾನ ಇರಲೇ ಇಲ್ಲ. ಅದು ಅರ್ಥವಾಗಬೇಕಾದರೆ ಆ ವರ್ಷದ ಕತೆ ಗೊತ್ತಿರಬೇಕು.

ಆಗ ಈ ಸ್ಪರ್ಧೆ ದೇಶದ್ದಾಗಿರಲಿಲ್ಲ, ಸಿಡ್ನಿ ನಗರದ ಬಡಾವಣೆಗಳದ್ದಾಗಿತ್ತು. ಹತ್ತು ತಂಡಗಳು. ಬಾಲ್ಮೇನ್, ನ್ಯೂಟೌನ್, ಸೌತ್ ಸಿಡ್ನಿ, ಪ್ಯಾರಮಟ್ಟ, ಹೀಗೆ ಒಂದೊಂದು ತಂಡಕ್ಕೂ ಒಂದೊಂದು ಬಡಾವಣೆಯ ಹೆಸರು. ಹದಿನೆಂಟು ಸುತ್ತು ಮುಗಿದ ಮೇಲೆ ಮೊದಲ ನಾಲ್ಕು ತಂಡಗಳು ಮುಂದಕ್ಕೆ ಹೋಗುತ್ತಿದ್ದವು. ಮೊದಲ ಎರಡು ಸ್ಥಾನದವರ ನಡುವಿನ ಸೆಮಿಫೈನಲ್‌ನಲ್ಲಿ ಸೋತವರಿಗೆ ಇನ್ನೊಂದು ಅವಕಾಶ ಇರುತ್ತಿತ್ತು. ಐ.ಪಿ.ಎಲ್.ನ ಮೊದಲ ಕ್ವಾಲಿಫೈಯರ್ ನೋಡಿದ ನಿಮಗೆ ಇದು ಹೊಸತಲ್ಲ. 1963ರಲ್ಲಿ ಆ ಸೆಮಿಫೈನಲ್ ಗೆದ್ದವರು ವೆಸ್ಟ್ಸ್, ಅಂದರೆ ವೆಸ್ಟರ್ನ್ ಸಬರ್ಬ್ಸ್. ಸೇಂಟ್ ಜಾರ್ಜ್ ಪ್ಯಾರಮಟ್ಟವನ್ನು ಸೋಲಿಸಿ ಎರಡನೇ ದಾರಿಯಿಂದ ಫೈನಲ್ ತಲುಪಿತು. 1961ರ ಫೈನಲ್‌ನಲ್ಲಿ 22-0, 1962ರಲ್ಲಿ 9-6, ಎರಡು ಸಲವೂ ಇದೇ ಸೇಂಟ್ ಜಾರ್ಜ್ ಕೈಯಲ್ಲಿ ಸೋತಿದ್ದ ವೆಸ್ಟ್ಸ್‌ಗೆ ಈ ಸಲವಾದರೂ ನಮ್ಮದೇ ಎಂಬ ನಂಬಿಕೆ ಬಂದಿತ್ತು.

ಫೈನಲ್ ನಡೆದದ್ದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ. ನಾವು ಹೊಸ ವರ್ಷದ ಟೆಸ್ಟ್ ನೋಡಲು ಬೆಳಗಿನ ಜಾವ ಎದ್ದು ಕೂರುತ್ತೇವಲ್ಲ, ಅದೇ ಜಾಗ. ಅಲ್ಲಿಯ ಪಿಚ್‌ಗೆ ಹಾಕುತ್ತಿದ್ದದ್ದು ಬುಲ್ಲಿ ಎಂಬ ಊರಿನ ಜೇಡಿಮಣ್ಣು. ಮಳೆ ಬಿದ್ದರೆ ನಮ್ಮ ಎರೆಹೊಲ ಹೇಗಾಗುತ್ತದೆಯೋ ಹಾಗೆಯೇ ಅದೂ ಕಾಲು ಹಿಡಿಯುತ್ತದೆ. ಅಂದು ಮಳೆ ಬಿದ್ದಿತ್ತು. ಎಂಭತ್ತು ನಿಮಿಷದ ಆಟ ಮುಗಿಯುವಷ್ಟರಲ್ಲಿ ಯಾರ ಅಂಗಿ ಯಾವ ಬಣ್ಣದ್ದು ಎಂದು ಗುರುತಿಸುವುದೇ ಕಷ್ಟ. ಸೇಂಟ್ ಜಾರ್ಜ್‌ನ ಕೆಂಪು ವಿ ಗುರುತಿನ ಬಿಳಿ ಅಂಗಿ, ವೆಸ್ಟ್ಸ್‌ನ ಕಪ್ಪು ಬಿಳುಪು, ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಆಗ ಟ್ರೈಗೆ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ, 3 ಅಂಕ (ಈಗ 4). ಗೋಲಿಗೆ, ಅಂದರೆ ಚೆಂಡನ್ನು ಒದ್ದು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ, 2. ಪಂದ್ಯ 8-3ಕ್ಕೆ ಮುಗಿಯಿತು. ಎರಡು ಟ್ರೈ ಒಂದು ಗೋಲು ಸೇಂಟ್ ಜಾರ್ಜ್‌ಗೆ, ಒಂದೇ ಟ್ರೈ ವೆಸ್ಟ್ಸ್‌ಗೆ. ಜಗಳವೆಲ್ಲ ಜಾನಿ ಕಿಂಗ್ ಹೊಡೆದ ಟ್ರೈ ಮೇಲೆ. ಅಂಚಿನಲ್ಲಿ ಓಡುತ್ತಿದ್ದ ಕಿಂಗ್ ಅವರನ್ನು ವೆಸ್ಟ್ಸ್‌ನವರು ಹಿಡಿದು ಕೆಡವಿದರು. ಹಿಡಿತ ಮುಗಿಯಿತು, ಇನ್ನು ಕಿಂಗ್ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಬೇಕು ಎಂದುಕೊಂಡು ಕೈಬಿಟ್ಟರು. ರೆಫರಿ ಡಾರ್ಸಿ ಲಾಲರ್ ಆಟ ನಿಲ್ಲಿಸಲಿಲ್ಲ. ಕಿಂಗ್ ಎದ್ದವರೇ ಓಡಿ ಗೆರೆ ದಾಟಿದರು. ರೆಫರಿ ಸೇಂಟ್ ಜಾರ್ಜ್ ಮೇಲೆ ಬಾಜಿ ಕಟ್ಟಿದ್ದಾರೆ ಎಂಬ ಮಾತು ಪಂದ್ಯಕ್ಕೆ ಮೊದಲೇ ತಮ್ಮ ಕಿವಿಗೆ ಬಿದ್ದಿತ್ತು ಎಂದು ವೆಸ್ಟ್ಸ್ ಆಟಗಾರರು ಆಮೇಲೆ ಹೇಳಿಕೊಂಡರು. ಅದು ಸಾಬೀತಾಗಲಿಲ್ಲ. ಸಾಬೀತಾಗದ ಆರೋಪವನ್ನು ನಾನು ಆರೋಪವೆಂದೇ ಬರೆಯುತ್ತೇನೆ. ಆದರೆ ಅಂದು ಸೋತವರ ಮನಸ್ಸಿನಲ್ಲಿ ಅದು ಎಷ್ಟು ಕುದಿಯುತ್ತಿತ್ತು ಎಂದು ತಿಳಿಯದೆ ಆ ಚಿತ್ರ ಅರ್ಥವಾಗುವುದಿಲ್ಲ.

ಪ್ರೋವನ್ ಬಂದು ಅಂಗಿ ಬದಲಿಸಿಕೊಳ್ಳೋಣವೇ ಎಂದು ಕೇಳಿದರು. ಸಮನ್ಸ್ ಒಪ್ಪಲಿಲ್ಲ. ರೆಫರಿಯಿಂದ ಅನ್ಯಾಯವಾಯಿತು ಎಂದು ಸಿಟ್ಟಿನಿಂದ ಹೇಳುತ್ತಿದ್ದೆ ಎಂದು ಸಮನ್ಸ್ ಅವರೇ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಓಗ್ರೇಡಿಯವರ ಕ್ಯಾಮೆರಾಕ್ಕೆ ಕಂಡದ್ದು ಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದ ಇಬ್ಬರ ಅಪ್ಪುಗೆ. ಆರೂಕಾಲು ಅಡಿ ದಾಟಿದ ಒಬ್ಬರು, ಅವರ ಹೆಗಲಿನ ಕೆಳಗೆ ನಿಂತ ಇನ್ನೊಬ್ಬರು. ಚಿತ್ರ ಸುಳ್ಳು ಹೇಳಿತು ಎಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಳಗೆ ಅಷ್ಟು ಕುದಿಯುತ್ತಿದ್ದರೂ ಸಮನ್ಸ್ ಆ ತೋಳನ್ನು ಕೊಡವಿ ಹೋಗಲಿಲ್ಲವಲ್ಲ. ಚಿತ್ರ ಪ್ರಸಿದ್ಧವಾಗಿ, 1982ರಲ್ಲಿ ಟ್ರೋಫಿಯ ಮೂರ್ತಿಯಾದ ಮೇಲೆ ಇಬ್ಬರನ್ನೂ ಜೊತೆಯಾಗಿ ಕರೆಯುವುದು ರೂಢಿಯಾಯಿತು. ಹಾಗೆ ಸೇರುತ್ತ ಸೇರುತ್ತ ನಿಜವಾಗಿಯೂ ಸ್ನೇಹಿತರಾದರು. ಈಗಿನ ಟ್ರೋಫಿಗೆ ಇಬ್ಬರದೂ ಹೆಸರಿದೆ: ಪ್ರೋವನ್-ಸಮನ್ಸ್ ಟ್ರೋಫಿ. ಸಮನ್ಸ್ 2020ರಲ್ಲಿ, ಪ್ರೋವನ್ 2021ರಲ್ಲಿ ತೀರಿಕೊಂಡರು.

ಇನ್ನು ಹನ್ನೊಂದು ವರ್ಷದ ವಿಷಯ. 1956ರಿಂದ 1966ರವರೆಗೆ ಒಂದು ವರ್ಷವೂ ಬಿಡದೆ ಸೇಂಟ್ ಜಾರ್ಜ್ ಗೆದ್ದದ್ದು ನಿಜ. 1959ರಲ್ಲಂತೂ ಒಂದು ಪಂದ್ಯವನ್ನೂ ಸೋಲಲಿಲ್ಲ, ಫೈನಲ್‌ನಲ್ಲಿ ಮ್ಯಾನ್ಲಿ ತಂಡವನ್ನು 20-0ಕ್ಕೆ ಮಣಿಸಿತು. ಪ್ರೋವನ್ ಹತ್ತು ಫೈನಲ್ ಗೆದ್ದವರು. ರೆಗ್ ಗ್ಯಾಸ್ನಿಯರ್, ಜಾನಿ ರೇಪರ್ ಅಂಥವರು ಒಂದೇ ತಂಡದಲ್ಲಿದ್ದರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿಯಮದ್ದು. ಈಗ ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. ಆಗ ಆ ಲೆಕ್ಕವೇ ಇರಲಿಲ್ಲ. ತಪ್ಪು ಮಾಡದಿದ್ದರೆ, ಚೆಂಡು ಬೀಳಿಸದಿದ್ದರೆ, ಒಂದೇ ತಂಡ ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಳ್ಳಬಹುದಿತ್ತು. ಕಬಡ್ಡಿಯಲ್ಲಿ ಉಸಿರಿನ ಮಿತಿ ತೆಗೆದುಹಾಕಿದರೆ ಗಟ್ಟಿ ರೈಡರ್ ಇರುವ ತಂಡಕ್ಕೆ ಎಷ್ಟು ಅನುಕೂಲವಾಗುತ್ತದೆ ಎಂದು ಊಹಿಸಿಕೊಳ್ಳಿ. ದಣಿಯದ, ಶಿಸ್ತಿನ, ಬಲವಾದ ಫಾರ್ವರ್ಡ್‌ಗಳಿದ್ದ (ಮುಂದೆ ನುಗ್ಗಿ ಆಡುವ ದೃಢಕಾಯರು) ಸೇಂಟ್ ಜಾರ್ಜ್‌ಗೆ ಆ ನಿಯಮ ಹೇಳಿ ಮಾಡಿಸಿದಂತಿತ್ತು. 1967ರಲ್ಲಿ ನಾಲ್ಕು ಟ್ಯಾಕಲ್‌ಗಳ, ಅಂದರೆ ನಾಲ್ಕು ಸಲ ಹಿಡಿದು ಕೆಡವುವ, ಮಿತಿ ಬಂತು. ಅದೇ ವರ್ಷ ಸೇಂಟ್ ಜಾರ್ಜ್ ಫೈನಲ್‌ಗೆ ಒಂದು ಹೆಜ್ಜೆ ಮೊದಲು ಕ್ಯಾಂಟರ್‌ಬರಿ ಎದುರು 12-11ಕ್ಕೆ ಸೋತಿತು.

ಪ್ರಶ್ನೆ: ಆ ಕಾಲದ ಲೀಗ್‌ ಅನ್ನು ವೃತ್ತಿಪರ ಎನ್ನುತ್ತಾರೆ. ಆಟಗಾರರು ಅದರಿಂದಲೇ ಸಂಸಾರ ತೂಗಿಸುತ್ತಿದ್ದರೇ?
ಸಾಫ್ಟ್‌ವೇರ್ ಎಂಜಿನಿಯರ್, ಪ್ಯಾರಮಟ್ಟ

ಉತ್ತರ: ಇಲ್ಲ. ಪಂದ್ಯಕ್ಕೆ ಇಷ್ಟು ಎಂದು ಹಣ ಸಿಗುತ್ತಿತ್ತು, ವಾರವಿಡೀ ಬೇರೆ ಕೆಲಸ. ಸಂಜೆ ಅಭ್ಯಾಸ, ವಾರಾಂತ್ಯದಲ್ಲಿ ಪಂದ್ಯ. ರಗ್ಬಿ ಲೀಗ್ ಹುಟ್ಟಿದ್ದೇ ಈ ಹಣದ ಪ್ರಶ್ನೆಯಿಂದ. ಅದಕ್ಕೂ ಮೊದಲಿನ ರೂಪವಾದ ರಗ್ಬಿ ಯೂನಿಯನ್‌ನಲ್ಲಿ ಆಡಿ ಗಾಯಗೊಂಡ ಕಾರ್ಮಿಕನಿಗೆ ಕಳೆದುಕೊಂಡ ಕೂಲಿಯನ್ನೂ ಕೊಡುವವರಿರಲಿಲ್ಲ. ಆ ಅಸಮಾಧಾನದಿಂದಲೇ 1907ರಲ್ಲಿ ಸಿಡ್ನಿಯ ಲೀಗ್ ಬೇರೆಯಾಯಿತು.

ನೀವು ಕೇಳುವ ಕಾಲಕ್ಕೆ ಹಣದ ದಾರಿ ಬದಲಾಗಿತ್ತು. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕ್ಲಬ್‌ಗಳಲ್ಲಿ ಜೂಜಿನ ಯಂತ್ರಗಳಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ತಂಡಗಳ ಬೆನ್ನಿಗಿದ್ದ ಲೀಗ್ಸ್ ಕ್ಲಬ್‌ಗಳಿಗೆ ಆದಾಯ ಹರಿದು ಬಂತು. ಸಿಡ್ನಿಯ ಕೊಗರಾ ಬಡಾವಣೆಯಲ್ಲಿ ಸೇಂಟ್ ಜಾರ್ಜ್ ಕಟ್ಟಿಸಿದ ಕ್ಲಬ್ ಎಷ್ಟು ಭರ್ಜರಿಯಾಗಿತ್ತೆಂದರೆ ಜನ ಅದನ್ನು ತಾಜ್ ಮಹಲ್ ಎಂದೇ ಕರೆದರು. ವೆಸ್ಟ್ಸ್ ಕೂಡ ಹಣ ಸುರಿದು ಆಟಗಾರರನ್ನು ತಂದಿತು, ಅದಕ್ಕೇ ಅವರಿಗೆ ಮಿಲಿಯನೇರ್ಸ್ ಎಂಬ ಅಡ್ಡಹೆಸರು. ಆ ದುಡ್ಡೆಲ್ಲ ಕೂಡಿಯೂ ವೆಸ್ಟ್ಸ್‌ಗೆ ಪ್ರಶಸ್ತಿ ದಕ್ಕಲಿಲ್ಲ. 1952ರಲ್ಲಿ ಗೆದ್ದದ್ದೇ ಕೊನೆ. 1999ರ ಋತು ಮುಗಿದ ಮೇಲೆ ಅದು ಬಾಲ್ಮೇನ್ ಜೊತೆ ಸೇರಿ ವೆಸ್ಟ್ಸ್ ಟೈಗರ್ಸ್ ಆಯಿತು. ಸೇಂಟ್ ಜಾರ್ಜ್ ಅದಕ್ಕೂ ಒಂದು ವರ್ಷ ಮೊದಲೇ ಇಲ್ಲವಾರ ಎಂಬ ತಂಡದೊಂದಿಗೆ ಕೂಡಿಕೊಂಡಿತ್ತು. ನೀವಿರುವ ಪ್ಯಾರಮಟ್ಟದಿಂದ ಆಶ್‌ಫೀಲ್ಡ್ ರೈಲಿನಲ್ಲಿ ದೂರವೇನಲ್ಲ. ವೆಸ್ಟ್ಸ್‌ನ ಆ ಕಾಲದ ತವರು ಮೈದಾನ ಪ್ರ್ಯಾಟನ್ ಪಾರ್ಕ್ ಅಲ್ಲೇ ಇದೆ, ಬಿಡುವಾದಾಗ ಒಮ್ಮೆ ಹೋಗಿ ನೋಡಿ.