ಲ್ಯಾಮಿನೇಶನ್ ಬೇಡ, ಸಂಚಿಕೆಯೋ ವಿಡಿಯೋವೋ ಎಂಬುದು ಆಮೇಲಿನ ಮಾತು

ಕಾಯಿಲೆಯಿಂದ ತಾಯಿ ತೀರಿ ಎಂಟು ತಿಂಗಳಾಯಿತು, ವರ್ಷಾಂತಿಕಕ್ಕೆ ಸ್ಮರಣ ಸಂಚಿಕೆ ತರುವುದೋ ವಿಡಿಯೋ ಮಾಡಿಸುವುದೋ ಎಂದು ಕೇಳಿದ್ದೀರಿ. ಅವರು ಬರೆದಿಟ್ಟ ಕಾಗದಗಳನ್ನು ಸದ್ಯಕ್ಕೆ ಲ್ಯಾಮಿನೇಶನ್‌ಗೆ ಕೊಡುತ್ತೇವೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ಆ ಸಾಲಿಗೆ ಮಾತ್ರ ನನ್ನ ಉತ್ತರ. ಕೊಟ್ಟಾಗಿದ್ದರೆ ಇವತ್ತೇ ಹೋಗಿ ವಾಪಸು ತನ್ನಿ.

ನಮ್ಮ ಮನೆ ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಕಡೆ. ಕಿಡ್ನಿ ಹೋದ ಮೇಲೆ ಅಮ್ಮನಿಗೆ ಮೂರು ವರ್ಷ ಡಯಾಲಿಸಿಸ್ ನಡೆಯಿತು. ವಾರಕ್ಕೆ ಮೂರು ಸಲ ಮಂಗಳೂರು, ಸಲಕ್ಕೆ 4 ಗಂಟೆ ಮೆಷಿನಿನ ಪಕ್ಕ. ಅವಳ ಚೀಲದಲ್ಲಿ 200 ಪುಟದ ಒಂದು ಹಾಡಿನ ಪುಸ್ತಕ ಯಾವಾಗಲೂ ಇರುತ್ತಿತ್ತು. ಮುಂದಿನಿಂದ ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಭಜನೆ. ಹಿಂದಿನಿಂದ ತಿರುಗಿಸಿ ಹಿಡಿದರೆ ತೂಕದ ಲೆಕ್ಕ: ತಾರೀಕು, ಮೆಷಿನಿಗೆ ಹಾಕುವ ಮೊದಲಿನ ಕಿಲೋ, ತೆಗೆದ ಮೇಲಿನ ಕಿಲೋ. ಮೂತ್ರ ಹೋಗದವರಿಗೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ; ಎರಡು ಅಂಕಿಗಳ ನಡುವಿನ ವ್ಯತ್ಯಾಸ ಆ ನೀರಿನದ್ದು.

ಅಮ್ಮ ಹೋದ ವರ್ಷ, ವರ್ಷಾಂತಿಕಕ್ಕೆ ಮೊದಲು ಹಾಡುಗಳನ್ನು ಭದ್ರ ಮಾಡಬೇಕು ಅಂತ ನಾನೇ ಹೊರಟೆ. ಆಟಿ ತಿಂಗಳ ಜಡಿಮಳೆ. ಪುಸ್ತಕದ ಹೊಲಿಗೆ ಬಿಡಿಸಿ, ಹಾಡಿನ ಹಾಳೆಗಳನ್ನು ಬೇರೆ ಮಾಡಿ, ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ಆ ಒಂದು ಮಧ್ಯಾಹ್ನದಲ್ಲಿ ಏನೇನು ಹಾಳಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಅದು ಜೋಪಾನದ ಕೆಲಸದ ಹಾಗೇ ಕಾಣುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಪಸೆ ಹಿಡಿದಿರುತ್ತದೆ. ಕೈಗೆ ಗೊತ್ತಾಗುವುದಿಲ್ಲ. ಲ್ಯಾಮಿನೇಶನ್ ಮೆಷಿನು ನೂರು ಡಿಗ್ರಿಗಿಂತ ಹೆಚ್ಚು ಕಾದಿರುತ್ತದೆ. ಆ ಬಿಸಿಗೆ ಪಸೆ ಆವಿಯಾಗಿ, ಹೋಗಲು ದಾರಿಯಿಲ್ಲದೆ ಹಾಳೆಯ ಒಳಗೇ ಬಿಳಿ ಗುಳ್ಳೆಗಳಾಗಿ ನಿಂತಿತು. ಶಾಯಿ ಪೆನ್ನಿನಲ್ಲಿ ಬರೆದ ಹಳೆಯ ಹಾಡುಗಳ ಅಕ್ಷರ ಹರಡಿತು. ಪ್ಲಾಸ್ಟಿಕ್ಕಿನ ಒಳಮೈಯ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ, ಹಾಗಾಗಿ ಬಿಡಿಸಲು ಹೋದರೆ ಅಕ್ಷರವೂ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬರುತ್ತದೆ. ಒಂದು ಹಾಳೆಯಲ್ಲಿ ಪ್ರಯತ್ನಪಟ್ಟು ಕೈಬಿಟ್ಟೆ.

ಇಷ್ಟೇ ಆಗಿದ್ದರೆ ಓದಲಿಕ್ಕಾದರೂ ಆಗುತ್ತಿತ್ತು. ಅಂಗಡಿಯವರು ನೀಟಾಗಿ ಕಾಣಲಿ ಅಂತ ನಾಲ್ಕೂ ಬದಿ ಕಾಗದದ ಅಂಚನ್ನೂ ಸೇರಿಸಿ ಕತ್ತರಿಸಿದರು. ಸುತ್ತ ಪ್ಲಾಸ್ಟಿಕ್ಕಿನ ಅಂಚು ಉಳಿಯದಿದ್ದರೆ ಕಾಗದದ ಬಾಯಿ ತೆರೆದೇ ಇರುತ್ತದೆ. ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ಪಸೆ ಒಳಗೆ ಹೋಗಿ ಕಂದು ಚುಕ್ಕಿ, ಆಮೇಲೆ ಕಪ್ಪು ಬೂಷ್ಟು. ಒಳಗೆ ಬೂಷ್ಟು ಹಿಡಿದರೆ ಒರೆಸುವುದೆಲ್ಲಿಗೆ?

ಎಲ್ಲಕ್ಕಿಂತ ದೊಡ್ಡ ನಷ್ಟ ಆ ಕತ್ತರಿಯಿಂದಲೇ. ಅಮ್ಮ ಪ್ರತಿ ಹಾಡಿನ ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಅದನ್ನು ಯಾರು ಕಲಿಸಿದ್ದು ಅಂತ ಬರೆದಿದ್ದಳು. ‘ನೀರ್ಚಾಲು ಅತ್ತೆ, ತಂಗಿಯ ಮದುವೆಯಲ್ಲಿ’ ಅಂತ ಒಂದು ಕಡೆ ಇದ್ದದ್ದು ನನಗೆ ನೆನಪಿದೆ. ಆ ಅಂಚುಗಳೆಲ್ಲ ಅಂಗಡಿಯ ಕಸದಬುಟ್ಟಿಗೆ ಹೋದವು. ಹಾಡುಗಳ ಸಾಲುಗಳು ಬೇರೆಯವರಲ್ಲೂ ಸಿಗುತ್ತವೆ. ಅಮ್ಮ ಯಾವ ಮನೆಯ ಜಗಲಿಯಲ್ಲಿ ಯಾರ ಪಕ್ಕ ಕೂತು ಕಲಿತಳು ಎಂಬುದು ಆ ಅಂಚಿನಲ್ಲಿ ಮಾತ್ರ ಇತ್ತು. ಹೊಲಿಗೆ ಬಿಡಿಸಿದ್ದರಿಂದ ಯಾವುದು ಮೊದಲು ಬರೆದದ್ದು, ಯಾವುದು ಆಮೇಲಿನದ್ದು ಎಂಬುದೂ ಹೋಯಿತು.

ತೂಕದ ಹಾಳೆಗಳು ರೋಗದ ಲೆಕ್ಕ, ಅದು ಯಾಕೆ ಅಂತ ಲ್ಯಾಮಿನೇಶನ್‌ಗೆ ಕೊಡದೆ ಆಸ್ಪತ್ರೆ ಫೈಲಿನಲ್ಲಿ ಹಾಕಿದ್ದೆ. ಅವು ಈಗಲೂ ಹಾಗೇ ಇವೆ. 2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ಮಂಗಳೂರಿನ ದಾರಿಯ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಎರಡು ಸಲದ ಸಾಲು ಖಾಲಿ ಬಿಟ್ಟಿದ್ದಾಳೆ. ಅದಕ್ಕೆ ಮೊದಲು 52.4 ಕಿಲೋ, ಆಮೇಲಿನ ಸಾಲಿನಲ್ಲಿ 56.9 ಕಿಲೋ. ಆ 56.9ರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಅಮ್ಮನ ಜೀವನದ ಆ ವಾರವನ್ನು ಯಾವ ಸ್ಮರಣ ಸಂಚಿಕೆಯ ಲೇಖನವೂ ಇಷ್ಟು ಸರಿಯಾಗಿ ಹೇಳುವುದಿಲ್ಲ. ಆದ್ದರಿಂದ ಔಷಧ ಚೀಟಿ, ನೋವು ಕಡಿಮೆ ಮಾಡುವ ಆರೈಕೆಗೆ ಪಾಲಿಯೇಟಿವ್ ನರ್ಸು ಮನೆಗೆ ಬಂದಾಗ ಬರೆದ ಕಾರ್ಡು, ಹಾಲಿನ ಲೆಕ್ಕ ಯಾವುದನ್ನೂ ಗುಜರಿಗೆ ಹಾಕಬೇಡಿ. ಇಸಿಜಿ ಬರುವ ನುಣುಪು ಕಾಗದವನ್ನಂತೂ ಬಿಸಿಯ ಹತ್ತಿರ ತರಲೇಬೇಡಿ, ಲ್ಯಾಮಿನೇಶನ್ ಮೆಷಿನಿಗೆ ಹೋದರೆ ಪೂರ್ತಿ ಕಪ್ಪಾಗಿ ಬರುತ್ತದೆ. ಹಾಗೇ ಇಟ್ಟರೂ ಕೆಲವು ವರ್ಷಕ್ಕೆ ಮಾಸುತ್ತದೆ, ಬೇಗ ಫೋಟೋ ತೆಗೆದಿಡಿ.

ಈಗ ಮಾಡಬೇಕಾದ್ದು. ಪುಸ್ತಕವಿದ್ದರೆ ಹೊಲಿಗೆ ಬಿಡಿಸಬೇಡಿ. ಪಸೆ ಇದ್ದರೆ ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ನೆರಳಲ್ಲಿ ಫ್ಯಾನಿನ ಕೆಳಗೆ ಪುಟ ಸ್ವಲ್ಪ ಬಿಡಿಸಿ ನಿಲ್ಲಿಸಿ ಒಂದೆರಡು ದಿನ ಬಿಡಿ. ಮಾಡು ಸೋರಿ ಪೂರ್ತಿ ಒದ್ದೆಯಾಗಿ ಕೂಡಲೇ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಸಮಯ ಸಿಕ್ಕಾಗ ತೆಗೆದು ಒಣಗಿಸಬಹುದು. ಬೂಷ್ಟು ಇದ್ದರೆ ಒಣಗಿದ ಮೇಲೆ, ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಿ. ಒದ್ದೆ ಬಟ್ಟೆ ತಾಗಿಸಬೇಡಿ. ಹರಿದಲ್ಲಿ ಸೆಲ್ಲೋಟೇಪು ಬೇಡ, ಅದರ ಅಂಟು ಕೆಲವೇ ವರ್ಷಕ್ಕೆ ಹಳದಿಯಾಗಿ ಅಕ್ಷರದ ಮೇಲೆ ಕೂರುತ್ತದೆ.

ಮತ್ತೆ ಫೋಟೋ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಲಿಯಲ್ಲಿ ನೇರ ಬಿಸಿಲು ಬೀಳದ ಕಡೆ ಪುಟ ಇಟ್ಟು, ಫ್ಲಾಷ್ ಇಲ್ಲದೆ, ಫೋನನ್ನು ಪುಟಕ್ಕೆ ಸಮವಾಗಿ ಹಿಡಿದು ತೆಗೆಯಿರಿ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ತಾವಾಗಿಯೇ ಪುಟವನ್ನು ಕಪ್ಪು ಬಿಳುಪು ಮಾಡಿ ‘ಸ್ವಚ್ಛ’ಗೊಳಿಸುತ್ತವೆ. ಅದನ್ನು ಆಫ್ ಮಾಡಿ, ಪೆನ್ಸಿಲಿನ ಬರಹ ಮೊದಲು ಮಾಯವಾಗುವುದು ಅಲ್ಲೇ. ಬಣ್ಣದಲ್ಲೇ ಇರಲಿ, ನಾಲ್ಕೂ ಅಂಚು ಕಾಣಲಿ. ರಟ್ಟಿನಿಂದ ರಟ್ಟಿನವರೆಗೆ, ಖಾಲಿ ಪುಟವನ್ನೂ ಬಿಡದೆ, 001ರಿಂದ ನಂಬರು ಕೊಡಿ. ಬಿಡಿ ಕಾಗದಗಳಿಗೆ ಸ್ಕ್ಯಾನರ್ ಸಿಕ್ಕರೆ 300 ಡಿಪಿಐ (ಇಂಚಿಗೆ 300 ಚುಕ್ಕಿ), ಭಾವಚಿತ್ರಕ್ಕೆ 600. ಮೂರು ಪ್ರತಿ ಮಾಡಿ: ಒಂದು ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಊರಿನ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ.

ಮೂಲಪ್ರತಿಯನ್ನು ಗಂಜಿ ಹಾಕದ, ತೊಳೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ತಗಡಿನ ಡಬ್ಬದಲ್ಲಿಡಿ. ಮಳೆಗಾಲಕ್ಕೆ ಮೊದಲು ಪೊಟ್ಟಣ ಬದಲಿಸಿ. ಅಟ್ಟವೂ ಬೇಡ, ಗೋಡೆಗೆ ಒತ್ತಿಕೊಂಡ ಕಪಾಟೂ ಬೇಡ.

ಇನ್ನೊಂದು ಕೆಲಸಕ್ಕೆ ತಡಮಾಡಬೇಡಿ. ನಮ್ಮ ಮನೆಗಳ ಮಕ್ಕಳು ಮಲಯಾಳವೋ ಇಂಗ್ಲಿಷೋ ಕಲಿಯುತ್ತಿದ್ದಾರೆ. ಅಚ್ಚಿನ ಕನ್ನಡ ಕೂಡಿಸಿ ಓದಿಯಾರು, ಅಜ್ಜಿ ಬಿಡದೆ ಎಳೆದು ಬರೆದ ಮೋಡಿ ಅಕ್ಷರ ಓದಲಾರರು. ಅದನ್ನು ಓದಬಲ್ಲ ಚಿಕ್ಕಮ್ಮನೋ ದೊಡ್ಡಮ್ಮನೋ ಇದ್ದರೆ ಪಕ್ಕದಲ್ಲಿ ಕೂರಿಸಿ ಓದಿಸಿ, ರೆಕಾರ್ಡ್ ಮಾಡಿ, ಆಮೇಲೆ ಟೈಪು ಮಾಡಿ. ಕಾಗುಣಿತ ತಿದ್ದಬೇಡಿ. ‘ಅಮ್ಮ ಹೇಗಿದ್ದಳು’ ಅಂತ ಕೇಳಬೇಡಿ, ಒಳ್ಳೆಯವಳು ಎಂಬ ಉತ್ತರ ಮಾತ್ರ ಸಿಗುತ್ತದೆ. ಪುಟ ತೋರಿಸಿ ‘ಇದು ಯಾರ ಮದುವೆಯಲ್ಲಿ ಹಾಡಿದ್ದು’ ಅಂತ ಕೇಳಿ. ನಾನು ಕಳಕೊಂಡ ಅಂಚುಗಳಲ್ಲಿ ಹನ್ನೊಂದು ಹೀಗೆ ಕೇಳಿಯೇ ಮರಳಿ ಸಿಕ್ಕವು.

ಇದೆಲ್ಲ ಆದ ಮೇಲೂ ವರ್ಷಾಂತಿಕಕ್ಕೆ ಪುಸ್ತಕ ಬೇಕೆನಿಸಿದರೆ ಹೊಗಳಿಕೆಯ ಲೇಖನಗಳನ್ನು ಕೇಳಿ ತರಿಸಬೇಡಿ. ಎಡಪುಟದಲ್ಲಿ ಅವರ ಕೈಬರಹದ ಚಿತ್ರ, ಬಲಪುಟದಲ್ಲಿ ಅದೇ ಮಾತು ದೊಡ್ಡ ಅಚ್ಚಿನಲ್ಲಿ. ಇಪ್ಪತ್ತೈದು ಪ್ರತಿ ಬಣ್ಣದ ಜೆರಾಕ್ಸ್ ಮಾಡಿಸಿ, ನೂಲಿನಲ್ಲಿ ಹೊಲಿಸಿ.