ಆ್ಯಪ್ ಹೇಳಿದಂತೆ ಇಟ್ಟರೂ ಮುಖ ಕಪ್ಪಾಗಿದ್ದೇಕೆ?

ಪ್ರಶ್ನೆ: ಅಜ್ಜನ ಹಳೇ ಫಿಲ್ಮ್ ಕ್ಯಾಮೆರಾ ನನ್ನ ಕೈಗೆ ಬಂದಿದೆ. ಅದರ ಬೆಳಕು ಅಳೆಯುವ ಮೀಟರ್ ಕೆಟ್ಟಿದೆ. ಫೋನ್‌ನಲ್ಲಿ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡು ಒಂದು ರೋಲ್ ತೆಗೆದೆ. ಅರ್ಧ ಚೆನ್ನಾಗಿ ಬಂದಿವೆ. ಕಿಟಕಿ ಪಕ್ಕ ಕೂತವರ ಮುಖ ಮಾತ್ರ ಕಪ್ಪು. ಆ್ಯಪ್ ನಂಬಬಹುದೇ, ಬೇರೆ ಮೀಟರ್ ಕೊಳ್ಳಬೇಕೇ?

ಉತ್ತರ: ಕೊಳ್ಳಬೇಡಿ. ಅರ್ಧ ರೋಲ್ ಚೆನ್ನಾಗಿ ಬಂದಿದೆ ಅಂದರೆ ಆ್ಯಪ್ ಕೆಲಸ ಮಾಡ್ತಿದೆ, ಕ್ಯಾಮೆರಾದ ಶಟರ್ ಕೂಡ ಸರಿಯಾಗಿದೆ. ಎಡವಟ್ಟಾಗಿದ್ದು ಫೋನನ್ನು ಯಾವುದರ ಕಡೆಗೆ ಹಿಡಿದಿರಿ ಅನ್ನೋದರಲ್ಲಿ.

ಎದುರಿಗಿರುವುದು ಮುಖವೋ ಗೋಡೆಯೋ ಆ್ಯಪ್‌ಗೆ ತಿಳಿಯದು. ಕಂಡದ್ದನ್ನೆಲ್ಲ ನಡುಬೂದು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಬಿಳಿ ಗೋಡೆ ತೋರಿಸಿ ಅಳೆದರೆ ಫೋಟೋದಲ್ಲಿ ಗೋಡೆ ಮಾಸಿದಂತೆ ಕಾಣುತ್ತದೆ. ಕಪ್ಪು ಕೋಟು ತೋರಿಸಿದರೆ ಕೋಟು ಬೂದು ಬಣ್ಣಕ್ಕೆ ತಿರುಗುತ್ತದೆ. ಅದೂ ಅಲ್ಲದೆ ಫೋನ್ ಕ್ಯಾಮೆರಾ ಅಗಲಕ್ಕೆ ನೋಡುತ್ತದೆ. ನಿಮ್ಮ ಲೆನ್ಸಿಗೆ ಕಾಣದ ಕಿಟಕಿ, ಆಕಾಶ ಎಲ್ಲವೂ ಲೆಕ್ಕಕ್ಕೆ ಸೇರಿಬಿಡುತ್ತವೆ.

ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 400ರ ರೋಲ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/4 ಅಂದುಕೊಳ್ಳಿ. ದೂರದಿಂದ ಕಿಟಕಿ ಸಮೇತ ಅಳೆದಾಗ ಆ್ಯಪ್ ಶಟರ್ 1/500 ಸೆಕೆಂಡ್ ತೆರೆದರೆ ಸಾಕು ಅಂತು. ಮುಖದ ಹತ್ತಿರ ಹೋಗಿ ಅಳೆದಾಗ 1/60. ಇಲ್ಲಿ ಮೂರು ಸ್ಟಾಪ್ ವ್ಯತ್ಯಾಸ ಇದೆ; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು. ಮೊದಲನೇ ಲೆಕ್ಕ ನಂಬಿದರೆ ಮುಖಕ್ಕೆ ಬೇಕಾದ ಬೆಳಕಿನಲ್ಲಿ ಎಂಟನೇ ಒಂದು ಭಾಗ ಮಾತ್ರ ಸಿಗುತ್ತದೆ. ಕಪ್ಪಾಗದೆ ಇನ್ನೇನು?

ಆದ್ದರಿಂದ ಹತ್ತಿರ ಹೋಗಿ, ಸ್ಕ್ರೀನ್ ತುಂಬ ಮುಖವೇ ಇರಲಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಹತ್ತಿರ ಹೋಗಲಾಗದಿದ್ದರೆ ನಿಮ್ಮ ಅಂಗೈಯನ್ನೇ ಅದೇ ಬೆಳಕಿಗೆ ಹಿಡಿದು ಅಳೆಯಿರಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿಯಾಗಿರುತ್ತದೆ, ಹಾಗಾಗಿ ಬಂದ ಲೆಕ್ಕಕ್ಕೆ ಒಂದು ಸ್ಟಾಪ್ ಬೆಳಕು ಸೇರಿಸಿ. ನನಗೆ ತುಂಬ ಇಷ್ಟವಾದ ವಿಧಾನ ಇದು, ಕೈ ಯಾವಾಗಲೂ ಜೊತೆಗೇ ಇರುತ್ತದಲ್ವಾ!

ಕೆಲವು ಆ್ಯಪ್‌ಗಳು ಸ್ಕ್ರೀನ್ ಮೇಲ್ಭಾಗದ ಸೆನ್ಸರ್‌ನಿಂದ, ಬೀಳುವ ಬೆಳಕನ್ನೇ ಅಳೆಯುತ್ತವೆ. ಕೇಳೋಕೆ ಚೆನ್ನಾಗಿದೆ. ಆದರೆ ಸುತ್ತಲಿನ ಬೆಳಕನ್ನು ಸೇರಿಸಿಕೊಳ್ಳುವ, ಬಿಡಿ ಮೀಟರಿನ ಬಿಳಿ ಗುಮ್ಮಟ ಫೋನಿಗಿಲ್ಲ. ಸ್ವಲ್ಪ ವಾಲಿಸಿದರೂ ಅಂಕಿ ಬದಲಾಗುತ್ತದೆ. ನಾನು ಅದನ್ನು ಬಳಸುವುದಿಲ್ಲ.

ಆ್ಯಪ್ ಮೇಲೆ ಅನುಮಾನ ಇದ್ದರೆ ಮೋಡವಿಲ್ಲದ ನಡುಹಗಲಲ್ಲಿ, ಬಿಸಿಲು ಬಿದ್ದ ಹುಲ್ಲನ್ನು ಅಳೆದು ನೋಡಿ. ಐಎಸ್ಒ 100ಕ್ಕೆ ಎಫ್/16, 1/125ರ ಆಸುಪಾಸು ಬರಬೇಕು. ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಆ್ಯಪಿನ ಕ್ಯಾಲಿಬ್ರೇಶನ್‌ನಲ್ಲಿ (ಅಳತೆ ಹೊಂದಿಸುವ ಸೆಟ್ಟಿಂಗ್) ಅಷ್ಟನ್ನು ಸರಿಪಡಿಸಿ.

ಫ್ಲ್ಯಾಶ್ ಬೆಳಕನ್ನು ಇಂಥ ಆ್ಯಪ್‌ನಲ್ಲಿ ಅಳೆಯಲು ಹೋಗಬೇಡಿ. ಲೆನ್ಸ್ ಮುಂದೆ ಹಳದಿ ಫಿಲ್ಟರ್ ಹಾಕಿದ್ದರೆ ಅದೂ ಫೋನಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಒಂದು ಸ್ಟಾಪ್ ನೀವೇ ಸೇರಿಸಬೇಕು. ಇಷ್ಟಾದ ಮೇಲೂ ಗೊಂದಲ ಇದ್ದರೆ ನೆಗೆಟಿವ್ ಫಿಲ್ಮಿಗೆ ಒಂದು ಸ್ಟಾಪ್ ಜಾಸ್ತಿ ಕೊಡಿ, ಅದು ತಡೆದುಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಫಿಲ್ಮ್) ತಡೆಯುವುದಿಲ್ಲ.